ನಾಲ್ಕು ಜನ, ಒಂದು ವೀಸಾ: 2020ರ ದುಬೈ ಲಾಕ್‌ಡೌನ್‌ನಲ್ಲಿ ಒಂದು ಕರಾವಳಿ ಕುಟುಂಬ

2020ರ ಮಾರ್ಚ್‌ನಿಂದ ಜುಲೈವರೆಗೆ ದುಬೈಯಲ್ಲಿದ್ದ ಒಂದು ದಕ್ಷಿಣ ಕನ್ನಡ ಕುಟುಂಬದ ಪ್ರಕರಣ ಇದು. ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಒಂದೇ ಮನೆಯ ಕಥೆ ಅಲ್ಲ. ಆ ದಿನಗಳಲ್ಲಿ ಅಲ್ಲಿದ್ದ ನಮ್ಮವರ ಮನೆಗಳಲ್ಲಿ ನಡೆದದ್ದನ್ನು ಒಂದು ಮನೆಗೆ ತಂದು ಕೂರಿಸಿದ್ದೇನೆ. ಸರ್ಕಾರದ ಆದೇಶ, ಕಾನೂನು, ತಾರೀಖುಗಳು ಆಗ ಇದ್ದದ್ದೇ. ಮನೆಯೊಳಗಿನ ಲೆಕ್ಕ ಮಾತ್ರ ಮಾದರಿ.

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಲ್ಲರೂ ಹುಷಾರಾಗಿದ್ದೀರಲ್ವಾ?" ಹುಷಾರಾಗಿಯೇ ಇದ್ದರು. ಈ ಮನೆಯ ನಾಲ್ವರಲ್ಲಿ ಯಾರಿಗೂ ಕೊರೊನಾ ಬರಲಿಲ್ಲ. ಆದರೂ ಜುಲೈ ಹೊತ್ತಿಗೆ ಮನೆ ಖಾಲಿಯಾಗಿತ್ತು. ಅದು ಹೇಗಾಯಿತು ಅಂತ ನೋಡಬೇಕಾದರೆ ರೋಗ ಬಿಟ್ಟು ಕಾಗದಗಳನ್ನು ನೋಡಬೇಕು. ವೀಸಾ, ಬಾಡಿಗೆ ಚೆಕ್, ಸಂಬಳದ ಪತ್ರ, ಹೊರಗೆ ಹೋಗುವ ಪರ್ಮಿಟ್.

ಗಂಡ ವಸ್ತುಪ್ರದರ್ಶನಗಳಿಗೆ ಸ್ಟಾಲ್ ಕಟ್ಟಿಕೊಡುವ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಹೆಂಡತಿ ಒಂದು ನರ್ಸರಿಯಲ್ಲಿ ಟೀಚರ್. ಮಗಳು ಆರನೇ ಕ್ಲಾಸಿಗೆ ಹೋಗಬೇಕಿತ್ತು, ಮಗ ಒಂದನೇ ಕ್ಲಾಸಿಗೆ. ಭಾರತೀಯ ಪಠ್ಯಕ್ರಮದ ಶಾಲೆ, ಹಾಗಾಗಿ ಹೊಸ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮನೆ ಶಾರ್ಜಾ ಗಡಿಗೆ ತಾಗಿಕೊಂಡಿರುವ ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್. ಗಂಡನ ಚಿಕ್ಕಪ್ಪನ ಮಗ ದುಬೈಯ ಹಳೇ ಭಾಗವಾದ ದೇರಾದಲ್ಲಿ ಬೆಡ್ ಸ್ಪೇಸ್‌ನಲ್ಲಿದ್ದ. ಅಂದರೆ ರೂಮು ಅಲ್ಲ, ರೂಮಿನಲ್ಲಿ ಒಂದು ಮಂಚ ಮಾತ್ರ ಬಾಡಿಗೆಗೆ.

ಹಣದ ಲೆಕ್ಕ ಹೀಗಿತ್ತು. ಗಂಡನ ಸಂಬಳ 9,000 ದಿರ್ಹಮ್, ಹೆಂಡತಿಯದ್ದು 3,000. ಆಗ ಒಂದು ದಿರ್ಹಮ್‌ಗೆ ಸುಮಾರು 20 ರೂಪಾಯಿ. ಬಾಡಿಗೆ ವರ್ಷಕ್ಕೆ 42,000. ಇಬ್ಬರು ಮಕ್ಕಳ ಫೀಸು ತಿಂಗಳಿಗೆ 1,300. ಮಂಗಳೂರಿನಲ್ಲಿ ಕಟ್ಟುತ್ತಿದ್ದ ಮನೆಯ ಸಾಲದ ಕಂತು ಸುಮಾರು 22,000 ರೂಪಾಯಿ. ಗಲ್ಫ್ ಅಂದರೆ ಬಂಗಾರದ ಮೊಟ್ಟೆ ಅಂತ ಊರಲ್ಲಿ ಅಂದುಕೊಳ್ಳುತ್ತಾರೆ. ಈ ಲೆಕ್ಕದಲ್ಲಿ ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಒಂದು ಚೀಟಿ ಕಟ್ಟುವಷ್ಟು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಹೆಂಡತಿ ಮಕ್ಕಳ ವೀಸಾ ಗಂಡನ ಹೆಸರಿನಲ್ಲಿ. ಗಂಡನ ವೀಸಾ ಕಂಪನಿಯ ಹೆಸರಿನಲ್ಲಿ. ಹೆಂಡತಿ ಕೆಲಸ ಮಾಡುತ್ತಿದ್ದರೂ ಆಕೆ ದುಬೈಯಲ್ಲಿ ಇರಲು ಕಾರಣ ಗಂಡನ ಕೆಲಸ. ಅದು ಹೋದರೆ ನಾಲ್ವರೂ ಹೊರಡಬೇಕು.

ಈ ಮನೆಗೆ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 1ಕ್ಕೆ. ಆವತ್ತು ಯುಎಇಯಲ್ಲಿ ನರ್ಸರಿಗಳನ್ನು ಮುಚ್ಚಿದರು. ಎರಡು ವಾರ ಅಂದರು, ಆಮೇಲೆ ಆ ಮಾತೇ ಇಲ್ಲ. ಹೆಂಡತಿಗೆ ಮಾರ್ಚ್ ಸಂಬಳ ಅರ್ಧ ಬಂತು, ಏಪ್ರಿಲ್‌ನಿಂದ ಸಂಬಳವಿಲ್ಲದ ರಜೆ. ಮಾರ್ಚ್ 8ಕ್ಕೆ ಶಾಲೆಗಳು ಮುಚ್ಚಿದವು. 22ರಿಂದ ಆನ್‌ಲೈನ್ ಪಾಠ. ಅದೇ 22ರಿಂದ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಅಂದರೆ ಊರಿಗೆ ಹೋಗಬೇಕಾ ಅಂತ ಯೋಚನೆ ಮಾಡುವ ಮೊದಲೇ ಬಾಗಿಲು ಹಾಕಿ ಆಗಿತ್ತು.

ಮಾರ್ಚ್ 25ಕ್ಕೆ ಯುಗಾದಿ. ದುಬೈಯ ರಸ್ತೆ ಬದಿಗಳಲ್ಲಿ ಬೇವಿನ ಮರಗಳಿಗೆ ಕೊರತೆ ಇಲ್ಲ. ಬಿಲ್ಡಿಂಗ್ ಕೆಳಗಿನ ಮರದಿಂದ ಒಂದು ಟೊಂಗೆ ತಂದು ಹಬ್ಬ ಮುಗಿಸಿದರು. ಮಾರನೇ ದಿನ ರಾತ್ರಿ ಎಂಟಕ್ಕೆ ಎಲ್ಲರ ಮೊಬೈಲ್‌ಗಳೂ ಒಟ್ಟಿಗೆ ಸೈರನ್‌ನಂತೆ ಕೂಗಿಕೊಂಡವು. ದೇಶವಿಡೀ ಸ್ಯಾನಿಟೈಸ್ ಮಾಡುತ್ತೇವೆ, ಬೆಳಗ್ಗೆ ಆರರವರೆಗೆ ಯಾರೂ ಹೊರಗೆ ಬರಬೇಡಿ ಅಂತ ಸಂದೇಶ. ಮಗ ಹೆದರಿ ಸೋಫಾ ಹಿಂದೆ ಹೋಗಿ ಕೂತ. ಆಮೇಲೆ ರಾತ್ರಿ ಔಷಧ ಸಿಂಪಡಿಸುವ ಲಾರಿಗಳು ಬರುವುದನ್ನು ಬಾಲ್ಕನಿಯಿಂದ ನೋಡುವುದೇ ಅವನ ಆಟವಾಯಿತು. ಏಪ್ರಿಲ್ 4ರ ರಾತ್ರಿಯಿಂದ ದುಬೈಯಲ್ಲಿ 24 ಗಂಟೆಯ ಲಾಕ್‌ಡೌನ್. ಮೆಟ್ರೋ ನಿಂತಿತು. ಬಸ್ಸಿಗೆ ಟಿಕೆಟ್ ಇಲ್ಲ, ಟ್ಯಾಕ್ಸಿಗೆ ಅರ್ಧ ದರ, ಆದರೆ ಹತ್ತುವವರು ಯಾರು?

ಹೊರಗೆ ಹೋಗಲು ಆನ್‌ಲೈನ್‌ನಲ್ಲಿ ಪರ್ಮಿಟ್ ತೆಗೆಯಬೇಕು. ಮನೆಯಿಂದ ಒಬ್ಬರೇ ಹೋಗಬೇಕು, ಮಾಸ್ಕು ಗ್ಲೌಸು ಹಾಕಿಕೊಂಡು. ಮಾಸ್ಕ್ ಇಲ್ಲದಿದ್ದರೆ 1,000 ದಿರ್ಹಮ್ ದಂಡ, ಮೇ ತಿಂಗಳಲ್ಲಿ ಅದು 3,000 ಆಯಿತು. ಸ್ವಲ್ಪ ದಿನ ಕಳೆದ ಮೇಲೆ ದಿನಸಿಗೆ ಮೂರು ದಿನಕ್ಕೊಮ್ಮೆ, ಎಟಿಎಂಗೆ ಐದು ದಿನಕ್ಕೊಮ್ಮೆ ಮಾತ್ರ ಪರ್ಮಿಟ್ ಅಂತ ನಿಯಮ ಬಂತು.

ದೊಡ್ಡ ಸೂಪರ್‌ಮಾರ್ಕೆಟ್‌ಗಳ ಆ್ಯಪ್‌ನಲ್ಲಿ ಡೆಲಿವರಿ ಸ್ಲಾಟ್ ಸಿಗುತ್ತಿದ್ದದ್ದು ವಾರ ಬಿಟ್ಟು. ನಿಜವಾಗಿ ಕೈ ಹಿಡಿದದ್ದು ಬಿಲ್ಡಿಂಗ್ ಕೆಳಗಿನ ಗ್ರೋಸರಿ. ಅಂಗಡಿ ನಡೆಸುವ ಮಲಯಾಳಿ ಕಾಕ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಹಾಲು, ಮೊಟ್ಟೆ, ಖುಬೂಸ್ ರೊಟ್ಟಿ ಕಳಿಸುತ್ತಿದ್ದರು. ಹುಡುಗ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಬೆಲ್ ಒತ್ತಿ, ಲಿಫ್ಟ್ ಹತ್ತಿರ ಹೋಗಿ ನಿಲ್ಲುತ್ತಿದ್ದ. ಹಣ ಆಮೇಲೆ, ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ಯುಎಇಯ ಬ್ಯಾಂಕುಗಳಿಗಿಂತ ಈ ಗ್ರೋಸರಿಗಳ ಪುಸ್ತಕಗಳು ಜಾಸ್ತಿ ಸಂಸಾರಗಳನ್ನು ನಡೆಸಿವೆ ಅಂತ ನನ್ನ ನಂಬಿಕೆ. ಕುಚ್ಚಲಕ್ಕಿ ಸಿಗುತ್ತಿತ್ತು. ಬಂಗುಡೆ, ಬೂತಾಯಿ ಮಾತ್ರ ಅಪರೂಪ. ದೇರಾದ ವಾಟರ್‌ಫ್ರಂಟ್ ಮಾರ್ಕೆಟ್‌ಗೆ ಶುಕ್ರವಾರ ಹೋಗಿ ಮೀನು ತರುವ ರೂಢಿ ನಿಂತುಹೋಗಿತ್ತು. ಏಪ್ರಿಲ್ 14ರ ಬಿಸು, ಅಂದರೆ ತುಳುವರ ಹೊಸ ವರ್ಷದ ಹಬ್ಬಕ್ಕೆ ದೇವರ ಮುಂದೆ ಕಣಿ ಇಡಲು ಸೌತೆಕಾಯಿ, ತೆಂಗಿನಕಾಯಿ ಕಳಿಸಿದ್ದೂ ಅದೇ ಕಾಕ. ವಿಷು ಅವರ ಊರಿನಲ್ಲೂ ಉಂಟಲ್ಲ, ಹೇಳದೆಯೇ ಗೊತ್ತಾಗಿತ್ತು.

ಇನ್ನು ಮನೆಯೊಳಗೆ. ಮಗಳ ಕ್ಲಾಸ್ ಲ್ಯಾಪ್‌ಟಾಪ್‌ನಲ್ಲಿ, ಬೆಡ್‌ರೂಮಿನ ಬಾಗಿಲು ಹಾಕಿಕೊಂಡು. ಮಗನ ಕ್ಲಾಸ್ ಅಮ್ಮನ ಫೋನಿನಲ್ಲಿ, ಅಡುಗೆಮನೆ ಕಟ್ಟೆಯ ಪಕ್ಕ. ಆರು ವರ್ಷದ ಹುಡುಗ ಒಬ್ಬನೇ ಕೂರುತ್ತಾನಾ? ಅಮ್ಮ ಪಕ್ಕದಲ್ಲಿ ನಿಂತು ಒಂದು ಕೈಯಲ್ಲಿ ದೋಸೆ ಹೊಯ್ಯುತ್ತಾ ಇನ್ನೊಂದು ಕೈಯಲ್ಲಿ ಮ್ಯೂಟ್ ತೆಗೆಯಬೇಕು. ಗಂಡ ಹಾಲ್‌ನಲ್ಲಿ ಕಂಪನಿಯ ಲೆಕ್ಕ ನೋಡುತ್ತಿದ್ದ. ಹೊಸ ಪಠ್ಯಪುಸ್ತಕ ಕೈಗೆ ಬಂದಿರಲಿಲ್ಲ. ಪಿಡಿಎಫ್ ನೋಡಿ ನೋಟ್ಸ್ ಬರೆದದ್ದೇ ಬರೆದದ್ದು. ನರ್ಸರಿ ಮಕ್ಕಳಿಗೆ ಪಾಠ ಮಾಡುತ್ತಿದ್ದ ಟೀಚರ್ ಸಂಬಳವಿಲ್ಲದೆ ತನ್ನ ಮಗನಿಗೇ ಟೀಚರ್ ಆದರು. ಶಾಲೆ ಫೀಸಿನಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿತು. ಕೊಟ್ಟದ್ದು ಬಸ್ಸಿನ ಹಣವೇ ಜಾಸ್ತಿ, ಬಸ್ಸು ಓಡುತ್ತಲೇ ಇರಲಿಲ್ಲ.

ಊರಿಗೆ ವಿಡಿಯೊ ಕಾಲ್ ಮಾಡುವುದು ಒಂದು ಪಾಡು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಬೋಟಿಮ್‌ನಂಥ ಆ್ಯಪ್‌ಗೆ ತಿಂಗಳಿಗೆ 50 ದಿರ್ಹಮ್ ಪ್ಯಾಕ್ ಹಾಕಿಸಬೇಕಿತ್ತು ಆಗ. ಪಾಠಕ್ಕೆ, ಆಫೀಸಿಗೆ ಬೇಕು ಅಂತ ಆ ಮಾರ್ಚ್‌ನಲ್ಲಿ ಝೂಮ್, ಟೀಮ್ಸ್ ಥರದವನ್ನು ತಾತ್ಕಾಲಿಕವಾಗಿ ಬಿಟ್ಟರು. ಮಗಳು ಬುದ್ಧಿವಂತೆ. ಬಂಟ್ವಾಳದಲ್ಲಿದ್ದ ಅಜ್ಜಿಗೆ ಫೋನಿನಲ್ಲೇ ಹೇಳಿಕೊಟ್ಟು ಝೂಮ್ ಹಾಕಿಸಿದಳು. ಮೂರು ಕಡೆಯಿಂದ ಸೇರಿಕೊಂಡರೆ 40 ನಿಮಿಷಕ್ಕೆ ಕಾಲ್ ತಾನಾಗಿ ಕಟ್ ಆಗುತ್ತಿತ್ತು. ಅತ್ತೆ ಸೊಸೆ ಇಬ್ಬರಿಗೂ ಆ 40 ನಿಮಿಷ ಸರಿಯಾಗಿ ಹೊಂದಿತು ಅಂತ ಮನೆಯಲ್ಲಿ ತಮಾಷೆ.

ದೇರಾದ ತಮ್ಮನ ಕಥೆ ಬೇರೆ. ಅಲ್ಲಿನ ಅಲ್ ರಾಸ್ ಪ್ರದೇಶವನ್ನು ಮಾರ್ಚ್ 31ರಿಂದ ಪೂರ್ತಿ ಸೀಲ್ ಮಾಡಿದ್ದರು. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಅವನ ರೂಮಿನಲ್ಲಿ ಎಂಟು ಜನ, ಒಂದು ಬಾತ್‌ರೂಮ್. ಒಬ್ಬನಿಗೆ ಕೆಮ್ಮು ಶುರುವಾದಾಗ ಉಳಿದ ಏಳು ಜನ ಮಂಚ ತಿರುಗಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದರಂತೆ. ಊಟವನ್ನು ಅಧಿಕಾರಿಗಳೂ ಸ್ವಯಂಸೇವಕರೂ ಬಾಗಿಲಿಗೆ ತಂದುಕೊಡುತ್ತಿದ್ದರು, ಅದಕ್ಕೆ ಕೊರತೆ ಇರಲಿಲ್ಲ. "ಅತ್ತಿಗೆ, ಸೀಲ್ ತೆಗೆದ ಕೂಡಲೇ ಅಲ್ಲಿಗೆ ಬರ್ಲಾ?" ಅಂತ ಕೇಳಿದ. ಅತ್ತಿಗೆ ಎರಡು ದಿನ ಉತ್ತರ ಕೊಡಲಿಲ್ಲ. ಕೊನೆಗೆ ಗಂಡನೇ ಬೇಡ ಅಂದ. ಇದರ ಬಗ್ಗೆ ಊರಲ್ಲಿ ಆಮೇಲೆ ಮಾತು ಬಂತು. ಒಂದು ಬೆಡ್‌ರೂಮಿನಲ್ಲಿ ಇಬ್ಬರು ಮಕ್ಕಳನ್ನಿಟ್ಟುಕೊಂಡು ಇನ್ನೇನು ಹೇಳಬೇಕಿತ್ತು? ನನಗೆ ತಪ್ಪು ಕಾಣುವುದಿಲ್ಲ.

ಪ್ರಕರಣದ ನಿಜವಾದ ಗಂಟು ಏಪ್ರಿಲ್ 15ಕ್ಕೆ ಬಿತ್ತು.

ದುಬೈಯಲ್ಲಿ ಬಾಡಿಗೆಯನ್ನು ತಿಂಗಳಿಗೊಮ್ಮೆ ಕೈಯಲ್ಲಿ ಕೊಡುವ ಪದ್ಧತಿ ಕಡಿಮೆ. ಕರಾರು ಮಾಡುವ ದಿನವೇ ವರ್ಷದ ಚೆಕ್‌ಗಳನ್ನೆಲ್ಲ ಮುಂದಿನ ತಾರೀಖು ಹಾಕಿ ಬರೆದುಕೊಡಬೇಕು. ಇವರದ್ದು ನಾಲ್ಕು ಚೆಕ್, ತಲಾ 10,500. ಜನವರಿಯದ್ದು ಹೋಗಿತ್ತು. ಏಪ್ರಿಲ್ 15ರದ್ದು ಮಾಲೀಕನ ಕಡೆಯವರ ಹತ್ತಿರ ಇತ್ತು. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬೌನ್ಸ್ ಆದರೆ ಆಗಿನ ಕಾನೂನಿನಲ್ಲಿ ಪೊಲೀಸ್ ಕೇಸ್. ದೇಶ ಬಿಟ್ಟು ಹೋಗದಂತೆ ತಡೆ ಬೀಳಲೂಬಹುದು. ಈ ಕಾನೂನು ಸಡಿಲವಾದದ್ದು 2022ರ ಜನವರಿಯಲ್ಲಿ, ಇವರ ಪಾಲಿಗೆ ತೀರಾ ತಡವಾಗಿ.

ಗಂಡನ ಕಂಪನಿಯಲ್ಲಿ ಕೆಲಸವೇ ಇರಲಿಲ್ಲ. ವಸ್ತುಪ್ರದರ್ಶನಗಳು ಒಂದೊಂದಾಗಿ ರದ್ದಾಗಿದ್ದವು. ಎಲ್ಲರೂ ಕಾಯುತ್ತಿದ್ದ ದುಬೈಯ ವಿಶ್ವ ಮೇಳ ಎಕ್ಸ್‌ಪೋ 2020 ಒಂದು ವರ್ಷ ಮುಂದಕ್ಕೆ ಹೋಗುವುದು ಖಾತ್ರಿಯಾಗುತ್ತಿತ್ತು. ಮಾರ್ಚ್ 26ಕ್ಕೆ ಯುಎಇಯ ಕಾರ್ಮಿಕ ಸಚಿವಾಲಯ 279ನೇ ನಂಬರಿನ ಆದೇಶ ಹೊರಡಿಸಿತು. ಕಂಪನಿಗಳು ವಿದೇಶಿ ನೌಕರರನ್ನು ತೆಗೆಯುವ ಮೊದಲು ಮನೆಯಿಂದ ಕೆಲಸ, ರಜೆ, ಸಂಬಳವಿಲ್ಲದ ರಜೆ, ಸಂಬಳ ಕಡಿತ ಇವನ್ನೆಲ್ಲ ನೋಡಬಹುದು, ಆದರೆ ಕಡಿತಕ್ಕೆ ನೌಕರನ ಒಪ್ಪಿಗೆ ಬೇಕು ಅಂತ ಅದರಲ್ಲಿತ್ತು. ಒಪ್ಪಿಗೆ ಅನ್ನುವುದು ಕೇಳಲು ಚೆನ್ನ. ಕಂಪನಿಯಿಂದ ಮೇಲ್ ಬಂತು: ಏಪ್ರಿಲ್‌ನಿಂದ ಅರ್ಧ ಸಂಬಳ, ಒಪ್ಪಿಗೆಯಿದ್ದರೆ ಸಹಿ ಮಾಡಿ ಸ್ಕ್ಯಾನ್ ಮಾಡಿ ಕಳಿಸಿ. ಒಪ್ಪದಿದ್ದರೆ ಏನು ಅಂತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಸಹಿ ಹಾಕಿದ.

ಈಗ 4,500 ದಿರ್ಹಮ್‌ನಲ್ಲಿ ಬಾಡಿಗೆಗೆ ತಿಂಗಳಿಗೆ 3,500 ತೆಗೆದಿಡಬೇಕು, ಫೀಸಿಗೆ 1,300. ಊಟದ ಲೆಕ್ಕ ಶುರುವಾಗುವ ಮೊದಲೇ 300 ಮೈನಸ್. ಊರಿನ ಸಾಲಕ್ಕೆ ಒಂದು ಉಸಿರು ಸಿಕ್ಕಿತು. ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತ್ತು. ಆಮೇಲೆ ಅದು ಆಗಸ್ಟ್‌ವರೆಗೆ ಹೋಯಿತು. ಬಡ್ಡಿ ಬೆಳೆಯುತ್ತಲೇ ಇತ್ತು ಅನ್ನುವುದು ಬೇರೆ ಮಾತು.

ಬಾಡಿಗೆಯ ಚೆಕ್ ನಿಲ್ಲಿಸಲು ಗಂಡ ಏಪ್ರಿಲ್ ಮೊದಲ ವಾರ ಮಾಲೀಕನ ಏಜೆಂಟ್‌ಗೆ ಫೋನ್ ಮಾಡಿದ. ಚೆಕ್ ಬದಲಾಯಿಸಬೇಕಾದರೆ ಆಫೀಸಿಗೆ ಬನ್ನಿ ಅಂದರು. ಆಫೀಸು ಮುಚ್ಚಿದೆಯಲ್ಲ ಅಂದರೆ, ಹೌದು, ತೆರೆದ ಮೇಲೆ ಬನ್ನಿ. ಆದರೆ ಚೆಕ್ ಬ್ಯಾಂಕಿಗೆ ಹೋಗುವುದಕ್ಕೆ ಆಫೀಸು ತೆರೆಯಬೇಕಾಗಿಲ್ಲವಂತೆ, ಅದು ಮೊದಲೇ ಬ್ಯಾಂಕಿನಲ್ಲಿ ಇದೆಯಂತೆ. ಹೆಂಡತಿ ಬಳೆ ಮಾರೋಣ ಅಂದರು. ಚಿನ್ನದ ಅಂಗಡಿಗಳೂ ಬಂದ್.

ಹಣ ಬಂದದ್ದು ಚೀಟಿಯಿಂದ. ಊರ ಕಡೆಯ ಹತ್ತು ಹನ್ನೆರಡು ಮನೆಯವರು ಸೇರಿ ನಡೆಸುತ್ತಿದ್ದ ಚೀಟಿ. ಏಪ್ರಿಲ್ ಸರದಿ ಇವರದ್ದಲ್ಲ, ಪುತ್ತೂರಿನ ಒಬ್ಬ ಡ್ರೈವರ್‌ನದ್ದು. ಅವನೇ ಗ್ರೂಪಿನಲ್ಲಿ ಬರೆದ: "ಅಣ್ಣನಿಗೆ ಕೊಡಿ, ನಂಗೆ ರೂಮ್ ಕಂಪನಿದ್ದು, ಚೆಕ್ ಇಲ್ಲ." ಎಲ್ಲರೂ ಮನೆಯಿಂದಲೇ ಹಣ ವರ್ಗಾಯಿಸಿದರು. ಏಪ್ರಿಲ್ 15ರ ಬೆಳಗ್ಗೆ ಚೆಕ್ ಪಾಸಾಯಿತು.

ಎಲ್ಲರೂ ಮೆಚ್ಚಿಕೊಳ್ಳುವ ಜಾಗ ಇದು. ಆದರೆ ಪ್ರಕರಣವಾಗಿ ನೋಡಿದರೆ ಇಲ್ಲೇ ಈ ಮನೆ ಎಡವಿತು ಅಂತ ನನಗನ್ನಿಸುತ್ತದೆ. ಹಣ ಹೊಂದಿಸಿದ ಸಮಾಧಾನದಲ್ಲಿ ಮಾಲೀಕನ ಜೊತೆ ಮಾತು ನಿಂತುಹೋಯಿತು. ಮಾರ್ಚ್‌ನಲ್ಲೇ, ಎಕ್ಸ್‌ಪೋ ಸುದ್ದಿ ಬಂದ ವಾರವೇ ಲಿಖಿತವಾಗಿ ಕೇಳಿದ್ದರೆ, ಚೆಕ್ ಬ್ಯಾಂಕಿಗೆ ಹೋಗುವ ಮೊದಲು ಮಾಸಿಕ ಕಂತು ಮಾಡಿಸಲು ಸಾಧ್ಯವಿತ್ತು. ಆ ಬಿಲ್ಡಿಂಗ್‌ನಲ್ಲೇ ಹಾಗೆ ಮಾಡಿಸಿಕೊಂಡವರಿದ್ದರು. ಅಕೌಂಟೆಂಟ್ ಆದವರಿಗೆ ಇದು ಹೊಳೆಯಲಿಲ್ಲವಾ ಅಂದರೆ, ಕೇಳಲು ನಾಚಿಕೆ. ನಮ್ಮ ಕಡೆ ಸಾಲ ಕೇಳುವುದಕ್ಕಿಂತ ವಿನಾಯಿತಿ ಕೇಳುವುದು ಕಷ್ಟ.

ಏಪ್ರಿಲ್ 24ಕ್ಕೆ ರಂಜಾನ್ ಶುರುವಾಗುವಾಗ ಹಗಲಿನ ನಿರ್ಬಂಧ ತೆಗೆದರು. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಓಡಾಡಬಹುದು. ಮೆಟ್ರೋ ಓಡತೊಡಗಿತು, ಮಾಲ್ ತೆರೆಯಿತು. ಆದರೆ ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾಲ್‌ಗೆ ಪ್ರವೇಶ ಇಲ್ಲ. ಈ ಮನೆಯ ಇಬ್ಬರಿಗೂ ಅದೇ ವಯಸ್ಸು. ಹೊರಗೆ 40 ಡಿಗ್ರಿ ಬಿಸಿಲು. ಪುಣ್ಯಕ್ಕೆ ಬಿಲ್ಡಿಂಗ್ ಚಿಲ್ಲರ್ ಫ್ರೀ, ಎಸಿ ಬಿಲ್ ಮಾಲೀಕನದ್ದು. ಮಕ್ಕಳು ದಿನವಿಡೀ ಒಳಗೆ.

ಮೇ 7ರಿಂದ, ಹೊರದೇಶದಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಯುಎಇಯಿಂದ ಮೊದಲ ದಿನ ಹೋದ ಎರಡೂ ಕೇರಳಕ್ಕೆ, ಕೊಚ್ಚಿ ಮತ್ತು ಕೋಝಿಕ್ಕೋಡ್‌ಗೆ. ನಮಗೆ ಯಾವಾಗ ಅಂತ ಕರಾವಳಿಯವರೆಲ್ಲ ಟ್ವಿಟರ್‌ನಲ್ಲಿ ಬಾಯಿ ಬಡಿದುಕೊಂಡ ಮೇಲೆ ಮೇ 12ಕ್ಕೆ ದುಬೈ–ಮಂಗಳೂರು ವಿಮಾನ ಬಂತು. ಗರ್ಭಿಣಿಯರು, ವಯಸ್ಸಾದವರು, ಕೆಲಸ ಕಳೆದುಕೊಂಡವರು ಮೊದಲು. ಇವರೂ ಹೆಸರು ನೋಂದಾಯಿಸಿದ್ದರು. ಕರೆ ಬರಲಿಲ್ಲ. ಕೆಲವೇ ದಿನದಲ್ಲಿ ಆ ವಿಮಾನದಲ್ಲಿ ಹೋದ ಹಲವರಿಗೆ ಪಾಸಿಟಿವ್ ಬಂದ ಸುದ್ದಿ. ದಕ್ಷಿಣ ಕನ್ನಡದ ಮೊದಲ ಪ್ರಕರಣವೇ ಮಾರ್ಚ್‌ನಲ್ಲಿ ದುಬೈಯಿಂದ ಬಂದವರದ್ದಾಗಿತ್ತು. ಹಾಗಾಗಿ ಊರಲ್ಲಿ ದುಬೈಯವರು ಅಂದರೆ ಜನ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ವರ್ಷಕ್ಕೊಮ್ಮೆ ಇವರ ಸೂಟ್‌ಕೇಸ್ ಬಿಚ್ಚುವುದನ್ನೇ ಕಾಯುತ್ತಿದ್ದ ನೆರೆಮನೆಯವರೇ ಅಜ್ಜಿಯನ್ನು ಕೇಳಿದರಂತೆ, ಈಗ ಬರುವುದು ಬೇಕಾ ಅಂತ.

ಮನೆಯಲ್ಲಿ ಒಂದು ತಿಂಗಳು ಇದೇ ಚರ್ಚೆ. ಹೋಗುವುದು ಕಷ್ಟದ ಮಾತಲ್ಲ. ವಾಪಸ್ ಬರಲಾಗುತ್ತದಾ? ಮಾರ್ಚ್ 19ರಿಂದ ಯುಎಇ ಹೊರಗಿದ್ದ ವೀಸಾದಾರರನ್ನೂ ಒಳಗೆ ಬಿಟ್ಟಿರಲಿಲ್ಲ. ರಜೆಗೆ ಊರಿಗೆ ಹೋಗಿದ್ದ ಎಷ್ಟೋ ಗಂಡಂದಿರು ಅಲ್ಲೇ ಸಿಕ್ಕಿಬಿದ್ದಿದ್ದರು, ಹೆಂಡತಿ ಮಕ್ಕಳು ಇಲ್ಲಿ. ಹೆಂಡತಿಯ ವಾದ ಸರಳ: ಎಲ್ಲರೂ ಒಟ್ಟಿಗೆ ಇರೋಣ, ಇಲ್ಲ ಎಲ್ಲರೂ ಹೋಗೋಣ. ಗಂಡನದ್ದು: ನಾನು ಹೋದರೆ ವರ್ಷಗಳ ಗ್ರ್ಯಾಚುಟಿ ಕೈಗೆ ಬರುವ ಭರವಸೆ ಇಲ್ಲ, ಕಂಪನಿ ಎದುರಿಗೇ ಇರಬೇಕು.

ತೀರ್ಮಾನ ಮಾಡಿದ್ದು ಕಂಪನಿ. ಜೂನ್ ಮೊದಲ ವಾರ ಇನ್ನೊಂದು ಮೇಲ್: ಸಂಬಳವಿಲ್ಲದ ರಜೆ. ಜುಲೈ 15ರ ಚೆಕ್‌ಗೆ ಐದು ವಾರ ಉಳಿದಿತ್ತು. ಈ ಸಲ ಗಂಡ ಕಾಯಲಿಲ್ಲ. ಅದೇ ದಿನ ಮಾಲೀಕನಿಗೆ ಮೇಲ್ ಹಾಕಿದ, ಸಂಬಳದ ಪತ್ರವನ್ನೂ ಲಗತ್ತಿಸಿದ. ಕರಾರಿನ ಪ್ರಕಾರ ಮಧ್ಯದಲ್ಲಿ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ, ಅಂದರೆ 7,000. ಮಾಲೀಕ ಒಂದು ತಿಂಗಳಿಗೆ ಒಪ್ಪಿದ, ಉಳಿದ ಎರಡು ಚೆಕ್ ವಾಪಸ್ ಕೊಟ್ಟ. ಏಪ್ರಿಲ್‌ನಲ್ಲಿ ಅಸಾಧ್ಯ ಅನಿಸಿದ್ದು ನಾಲ್ಕು ಮೇಲ್‌ಗಳಲ್ಲಿ ಮುಗಿಯಿತು.

ಜೂನ್‌ನಲ್ಲಿ ಯುಎಇಯ ಸಂಘಟನೆಗಳು ಮಂಗಳೂರಿಗೆ ಚಾರ್ಟರ್ ವಿಮಾನ ಬಿಡತೊಡಗಿದ್ದವು. ಅಂಥ ಒಂದರಲ್ಲಿ ಹೆಂಡತಿ ಮಕ್ಕಳು ಹೊರಟರು. ಏರ್‌ಪೋರ್ಟ್‌ನಲ್ಲಿ ಬೆರಳು ಚುಚ್ಚಿ ರಕ್ತ ಪರೀಕ್ಷೆ, ಮುಖಕ್ಕೆ ಶೀಲ್ಡ್, ಮಂಗಳೂರಿನಲ್ಲಿ ಹೋಟೆಲ್ ಕ್ವಾರಂಟೈನ್, ಆಮೇಲೆ ಮನೆಯ ಕ್ವಾರಂಟೈನ್. ಸೋಫಾ, ಫ್ರಿಜ್, ಮಕ್ಕಳ ಸೈಕಲ್ ಎಲ್ಲ ಆನ್‌ಲೈನ್‌ನಲ್ಲಿ ಮಾರಾಟಕ್ಕೆ. ಆಗ ಎಲ್ಲರೂ ಮಾರುತ್ತಿದ್ದರು, ಕೊಳ್ಳುವವರಿಲ್ಲ. ಫ್ರಿಜ್ ಗ್ರೋಸರಿ ಕಾಕನ ಅಂಗಡಿಗೆ ಹೋಯಿತು, ಪುಸ್ತಕದ ಬಾಕಿಗೆ ವಜಾ. ಗಂಡ ಎರಡು ಸೂಟ್‌ಕೇಸ್ ಹಿಡಿದು ದೇರಾಕ್ಕೆ ಹೋದ. ತಮ್ಮನ ರೂಮಿನಲ್ಲಿ ಊರಿಗೆ ಹೋದವರ ಒಂದು ಮಂಚ ಖಾಲಿಯಿತ್ತು. ಅಣ್ಣ ಬೇಡ ಅಂದಿದ್ದನ್ನು ತಮ್ಮ ಬಾಯಿಗೂ ತರಲಿಲ್ಲ.

ಮಕ್ಕಳ ಶಾಲೆ ಮಾತ್ರ ದುಬೈಯದ್ದೇ ಮುಂದುವರಿಯಿತು. ಬಂಟ್ವಾಳದ ಮನೆಯ ಚಾವಡಿಯಲ್ಲಿ ಕೂತು ದುಬೈ ಟೈಮಿಗೆ ಕ್ಲಾಸ್. ಅಲ್ಲಿ ಎಂಟು ಅಂದರೆ ಇಲ್ಲಿ ಒಂಬತ್ತೂವರೆ, ಹಾಗಾಗಿ ಬೆಳಗ್ಗೆ ನಿಧಾನ. ಮಳೆಗಾಲದಲ್ಲಿ ಕರೆಂಟ್ ಹೋದರೆ ಪಾಠವೂ ಹೋಯಿತು. ಆಗ ದುಬೈಯ ಲೆಕ್ಕದಲ್ಲಿ ಭಾನುವಾರ ಕ್ಲಾಸ್, ಶುಕ್ರವಾರ ರಜೆ. ಊರಿನ ಮಕ್ಕಳು ಆಡಲು ಬರುವ ದಿನ ಇವರಿಗೆ ಪಾಠ.

ಗಂಡನಿಗೆ ಹೊಸ ಕೆಲಸ ಸಿಕ್ಕಿದ್ದು 2021ರಲ್ಲಿ, ಎಕ್ಸ್‌ಪೋ ಅಕ್ಟೋಬರ್ 1ಕ್ಕೆ ಶುರುವಾಗುವ ಮೊದಲಿನ ಗಡಿಬಿಡಿಯಲ್ಲಿ. ಹಳೇ ಕಂಪನಿ ಗ್ರ್ಯಾಚುಟಿಯನ್ನು ಕಂತುಗಳಲ್ಲಿ ಕೊಟ್ಟಿತು. ಚೀಟಿಯ ಸಾಲ ತೀರಿದ್ದು ಅದರಿಂದ, ಮೊದಲು ಪುತ್ತೂರಿನ ಡ್ರೈವರ್‌ಗೆ. ಕುಟುಂಬ ವಾಪಸ್ ಬಂತು, ಆದರೆ ಹೆಂಡತಿ ಎರಡು ಷರತ್ತು ಹಾಕಿದ ಮೇಲೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಹನ್ನೆರಡು ಚೆಕ್‌ನ ಮನೆ ಬೇಕು. ಮತ್ತೆ, ತನ್ನ ವೀಸಾ ತಾನು ಕೆಲಸ ಮಾಡುವ ನರ್ಸರಿಯಿಂದಲೇ ಆಗಬೇಕು. ಗಂಡನ ಹೆಸರಿನಲ್ಲಿ ಈಗ ಇರುವುದು ಮಕ್ಕಳ ವೀಸಾ ಮಾತ್ರ.